ಬರಿಗೈಲೆ ಯಾರೂ ಬರಂಗಿಲ್ಲ

ಈ ಊರಿಗೆ ಬಂದ ಮೂರನೆಯ ದಿನ ಬೆಳಗ್ಗೆ ಡೊಳ್ಳಿನ ಸದ್ದು ಕೇಳಿ ಹೊರಗೆ ಓಡಿಬಂದೆ. ಬೀದಿ ತುಂಬ ಹೆಂಗಸರು, ಎಲ್ಲರ ತಲೆಯ ಮೇಲೂ ಬುಟ್ಟಿ. ದೇವರ ಮೆರವಣಿಗೆ ಇರಬೇಕೆಂದು ಚಪ್ಪಲಿ ಬಿಟ್ಟು ಕೈಮುಗಿದು ನಿಂತೆ. ಹತ್ತಿರ ಬಂದಾಗ ನೋಡಿದರೆ ಬುಟ್ಟಿಗಳಲ್ಲಿ ಇದ್ದದ್ದು ರೊಟ್ಟಿ!

ಪಕ್ಕದ ಮನೆಯ ಬಸುರಿ ಹೆಂಗಸು ಕಲ್ಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ರೊಟ್ಟಿಗೆ ಯಾಕ ಕೈಮುಗಿಯಾಕ ಹತ್ತೀರಿ, ಮ್ಯಾಡಮ್ಮಾರ? ಮಠದ ದಾಸೋಹಕ್ಕ ಹೊಂಟಾವರಿ ಅವು."

ನಮ್ಮ ಮಂಡ್ಯದ ಕಡೆ ದೇವಸ್ಥಾನಕ್ಕೆ ಹೋದರೆ ಪ್ರಸಾದ ತಿಂದು ಬರುವುದು ಗೊತ್ತು. ಇಲ್ಲಿ ಶ್ರಾವಣದ ತಿಂಗಳಿಡೀ ಮಠದಲ್ಲಿ ಪುರಾಣ, ಬಂದವರಿಗೆಲ್ಲ ಊಟ, ಆ ಊಟದ ರೊಟ್ಟಿ ಮಾತ್ರ ಊರವರ ಒಲೆಯದು.

ತೊಂಬತ್ತರ ದಶಕದ ಕೊನೆಯ ಮಾತು. ತಾಯಿ-ಮಕ್ಕಳ ಆರೋಗ್ಯದ ಕೆಲಸ ಮಾಡುವ ನಮ್ಮ ಸಂಸ್ಥೆ ನನ್ನನ್ನು ಮನೋಳಿಯಾಚೆ ಮಲಪ್ರಭೆಯ ದಂಡೆಯ ಈ ಹಳ್ಳಿಗೆ ಕಳಿಸಿತ್ತು. ಕನ್ನಡನಾಡಿನೊಳಗೇ ಪರದೇಶಿಯಾದೆ. ಖಡಕ್ ರೊಟ್ಟಿ ಕಡಿದು ದವಡೆ ನೋವು. "ಜಳಕ ಆತೇನ್ರಿ?" ಎಂದು ನಡುಬೀದಿಯಲ್ಲಿ ಗಂಡಸರೂ ಕೇಳುವರು. ಸ್ನಾನದ ಸುದ್ದಿ ಇವರಿಗೇಕೆ ಎಂದು ಸಿಡುಕಿದ್ದೆ. ಅದು ನಮ್ಮ 'ಊಟ ಆಯ್ತಾ' ಇದ್ದ ಹಾಗೆ ಎಂದು ತಿಳಿಯಲು ತಿಂಗಳು ಹಿಡಿಯಿತು. ಮನೋಳಿಯ ಎಸ್‌ಟಿಡಿ ಬೂತಿನಲ್ಲಿ ಅಮ್ಮನ ದನಿ ಕೇಳಿ ಅತ್ತದ್ದೂ ಉಂಟು.

ಕಲ್ಲವ್ವನಿಗೆ ಆಗ ಏಳು ತಿಂಗಳು. ಮುಖ ಬಿಳಿಚಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಅವಳನ್ನು ಹೇಗಾದರೂ ಡಾಕ್ಟರಿಗೆ ತೋರಿಸಬೇಕೆಂದೇ ನಾನು ಶಾಲೆಯಲ್ಲಿ ಶಿಬಿರ ಇಟ್ಟೆ. ಉಚಿತ ತಪಾಸಣೆ, ಉಚಿತ ಔಷಧ, ಉಚಿತ ಊಟ ಎಂದು ಗೋಡೆಗೋಡೆಗೆ ಚೀಟಿ ಹಚ್ಚಿದೆ. ಬಂದವರು ಇಬ್ಬರು. ಅದರಲ್ಲೊಬ್ಬಳು ತಪ್ಪಿಸಿಕೊಂಡ ಆಡು ಹುಡುಕುತ್ತ ಬಂದವಳು. ಕಲ್ಲವ್ವನ ಅತ್ತೆ ಬಾಗಿಲಲ್ಲೇ ಹೇಳಿಬಿಟ್ಟಳು: "ಮಂದಿ ಕೂಳು ಉಣ್ಣಾಕ ನಮ್ಮ ಸೊಸಿ ಯಾಕ ಬರಬೇಕ್ರಿ?"

ಅದೇ ಸಂಜೆ ಮಠದಲ್ಲಿ ಕಾಲಿಡಲು ಜಾಗವಿಲ್ಲ. ಅಡುಗೆಮನೆಯ ಯಜಮಾನಿ ಗಂಗವ್ವ. ಶಾಲೆಯ ಕಟ್ಟೆ ಹತ್ತಿದವಳಲ್ಲ, ಆದರೆ ಅವಳು ಕಣ್ಣು ಹೊರಳಿಸಿದರೆ ನೂರು ಹೆಂಗಸರು ಎದ್ದು ನಿಲ್ಲುವರು. ನನಗೆ ಹೊಟ್ಟೆಕಿಚ್ಚಾಯಿತು. ಎಂ.ಎಸ್.ಡಬ್ಲ್ಯೂ ಓದಿದ ನಾನು ಮನೆಮನೆ ಸುತ್ತಿ ಚಪ್ಪಲಿ ಸವೆಸಿದ್ದೆ!

ಆದರೂ ನಾಚಿಕೆ ಬಿಟ್ಟು, ನನ್ನ ಶಿಬಿರಕ್ಕೆ ಯಾಕೆ ಯಾರೂ ಬರಲಿಲ್ಲ ಎಂದು ಅವಳನ್ನೇ ಕೇಳಿದೆ. ಅವಳು ಹಿಟ್ಟಿನ ಕೈ ಕೊಡವಿದಳು.

"ಮಠಕ್ಕ ಬರಿಗೈಲೆ ಯಾರೂ ಬರಂಗಿಲ್ರಿ. ನೀವು ಬರೇ ತಗೊಂಡ್ ಹೋಗ್ರಿ, ತಗೊಂಡ್ ಹೋಗ್ರಿ ಅಂತೀರಿ. ಕೈ ಒಡ್ಡಾಕ ಯಾರು ಬರ್ತಾರ? ಏನರ ತರ್ರಿ ಅಂತ ಕೇಳ್ರಿ, ಆಮ್ಯಾಲೆ ನೋಡ್ರಿ."

ಅವಳೇ ನನ್ನನ್ನು ಅಜ್ಜಾರ ಬಳಿ ಕರೆದೊಯ್ದಳು. ಮಠದ ಸ್ವಾಮಿಗಳಿಗೆ ಇಲ್ಲಿ ಅಜ್ಜಾರು ಎನ್ನುತ್ತಾರೆ, ವಯಸ್ಸು ಮೂವತ್ತಾದರೂ ಸರಿ. ಮಠದ ಜಾಗ, ನಮ್ಮ ಡಾಕ್ಟರು ಎಂದು ಮಾತಾಯಿತು. ಮರುದಿನ ಪುರಾಣ ಮುಗಿದ ಮೇಲೆ ಅಜ್ಜಾರು ಇಷ್ಟೇ ಹೇಳಿದರು: "ಸೋಮವಾರ ದವಾಖಾನಿ ಮಠಕ್ಕ ಬರತೈತಿ. ಬಸುರಿ, ಬಾಣಂತ್ಯಾರು ಎರಡೆರಡು ರೊಟ್ಟಿ ತಗೊಂಡು ಬರ್ರಿ."

ಸೋಮವಾರ ಬೆಳಗ್ಗೆ ಕಲ್ಲವ್ವನ ಅತ್ತೆಯೇ ಸೊಸೆಯ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ರೊಟ್ಟಿ ಗಂಟು ಹಿಡಿದು ಬಂದಳು. ಡಾಕ್ಟರಮ್ಮ ಕಲ್ಲವ್ವನ ಕಣ್ಣರೆಪ್ಪೆ ಎಳೆದು ನೋಡಿ ಅಂದೇ ಸವದತ್ತಿಯ ಆಸ್ಪತ್ರೆಗೆ ಸೇರಿಸಿದರು. ರಕ್ತ ಕೊಡಿಸಿದರು. ಎರಡು ತಿಂಗಳ ಬಳಿಕ ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಉಳಿದಳು.

ಕೂಸಿಗೆ ಗಂಗಾ ಎಂದು ಹೆಸರಿಟ್ಟರು. ನನ್ನ ಹೆಸರಿಡಬಹುದೆಂದು ಒಳಗೊಳಗೇ ಕಾದಿದ್ದೆ. ತೊಟ್ಟಿಲ ಹತ್ತಿರ ಗಂಗವ್ವ ನನ್ನ ಮುಖ ನೋಡಿ, "ಮಾರಿ ಯಾಕ ಸಣ್ಣ ಮಾಡ್ಕೊಂಡೀರಿ? ಮುಂದಿನ ಕೂಸಿಗೆ ನಿಮ್ಮ ಹೆಸರು ಇಡಿಸೋಣಂತ ತಗೋರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು ತೊಟ್ಟಿಲು ತೂಗಿದೆ.

ಇದಾಗಿ ನಾಲ್ಕು ವರ್ಷ. ಈಗ ಶ್ರಾವಣದಲ್ಲಿ ನಾನೂ ಬುಟ್ಟಿ ಹೊರುತ್ತೇನೆ, ನನ್ನ ರೊಟ್ಟಿ ಮಾತ್ರ ಇನ್ನೂ ದುಂಡಗಾಗುವುದಿಲ್ಲ. ಗಂಗವ್ವ ಅವನ್ನು ಬುಟ್ಟಿಯ ತಳಕ್ಕೆ ಸೇರಿಸುತ್ತಾಳೆ.

ಕಳೆದ ತಿಂಗಳು ಮಂಡ್ಯದ ತವರಿಗೆ ಹೋದಾಗ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಹೋದೆ. ಅಮ್ಮ ಗಂಟನ್ನು ಮುಟ್ಟಲಿಲ್ಲ.

"ತವರ್ಗೆ ಬರಕೂ ಏನಾರ ಹೊತ್ಕಂಡು ಬತ್ತಾರೇನೇ, ನೆಂಟ್ರಂಗೆ?"

ಅಷ್ಟರಲ್ಲಿ ಅತ್ತಿಗೆ ಕೈಬೀಸಿಕೊಂಡು ಒಳಗೆ ಬಂದಳು. ಯಾರನ್ನೂ ಕೇಳದೆ ಸಾರಿನ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡಿ, "ಉಪ್ಪು ಸಾಲದು ಕಣತ್ತೆ" ಎಂದಳು. ಗಂಟು ಹಿಡಿದು ನಿಂತಿದ್ದ ನನಗೆ ಮನೆಯವಳ ಆ ಬರಿಗೈಯ ಮೇಲೂ ಹೊಟ್ಟೆಕಿಚ್ಚಾಯಿತು.