ಹಸನಬ್ಬ ಬ್ಯಾರಿಗಳ ಹಳೇ ಕನ್ನಡಕಗಳು

ಸತ್ತವರ ಕನ್ನಡಕ ಹಾಕಿಕೊಂಡು ನಾನು ಹನ್ನೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ೧೯೫೪ರಲ್ಲಿ ಕೆಲಸಕ್ಕೆ ಸೇರಿದ ಟೀಚರಿಗೆ ಹೊಸ ಕನ್ನಡಕ ಕೊಳ್ಳುವ ಸಂಬಳ ಎಲ್ಲಿತ್ತು? ಕರಿಹಲಗೆಯಲ್ಲಿ ನಾನೇ ಬರೆದದ್ದು ಹಿಂದಿನ ಬೆಂಚಿನ ಹತ್ತಿರ ನಿಂತರೆ ನನಗೇ ಕಾಣುತ್ತಿರಲಿಲ್ಲ. ಒಂದು ಶನಿವಾರ ಕುಲಶೇಖರದಿಂದ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿ ಇಳಿದು, ಬಂದರಿಗೆ ಹೋಗುವ ರಸ್ತೆಬದಿಯಲ್ಲಿ ಹಳೇ ಸಾಮಾನಿನವರು ಕೂರುವಲ್ಲಿಗೆ ಹೋದೆ.

ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ, ಮುಳ್ಳಿಲ್ಲದ ಗಡಿಯಾರ. ಇವುಗಳ ನಡುವೆ ಗೋಣಿ ಹಾಸಿ, ಮರದ ಪೆಟ್ಟಿಗೆ ತೆರೆದಿಟ್ಟು ಕೂತವರು ಹಸನಬ್ಬ ಬ್ಯಾರಿಗಳು. ಪೆಟ್ಟಿಗೆಯ ತುಂಬ ಕನ್ನಡಕ.

"ಟೀಚರಲ್ವಾ? ಬೆರಳಲ್ಲಿ ಚಾಕ್ ಉಂಟು. ಕೂತುಕೊಳ್ಳಿ" ಎಂದರು.

ಊರಿನಲ್ಲಿ ಯಾರಾದರೂ ತೀರಿಕೊಂಡರೆ ತಿಂಗಳು ಕಳೆದ ಮೇಲೆ ಬ್ಯಾರಿಗಳು ನೋಯುವ ಕಾಲೆಳೆಯುತ್ತ ಆ ಮನೆಗೆ ಹೋಗುತ್ತಿದ್ದರು. ಬಟ್ಟೆಯನ್ನು ದಾನ ಕೊಡುವವರಿದ್ದಾರೆ, ಪುಸ್ತಕ ಇಟ್ಟುಕೊಳ್ಳುವವರಿದ್ದಾರೆ. ಕನ್ನಡಕವನ್ನು ಏನು ಮಾಡುವುದೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ತಂದು, ತೊಳೆದು, ತಿರುಪು ಬಿಗಿಮಾಡಿ ಪೆಟ್ಟಿಗೆಗೆ ಸೇರಿಸುವುದು. ಗಿರಾಕಿ ಬಂದರೆ ಒಂದಾದ ಮೇಲೊಂದು ಮೂಗಿಗೆ ಏರಿಸುವುದು. ದೂರ ಕಾಣದವರು ಎದುರಿನ ಗೋದಾಮಿನ ಬೋರ್ಡು ಓದಬೇಕು. ಹತ್ತಿರ ಕಾಣದವರು ಸೂಜಿಗೆ ನೂಲು ಪೋಣಿಸಬೇಕು. ಬ್ಯಾರಿಗಳು ನೋಡುತ್ತಿದ್ದುದು ಬೋರ್ಡನ್ನೂ ಅಲ್ಲ, ಸೂಜಿಯನ್ನೂ ಅಲ್ಲ, ನಮ್ಮ ಮುಖವನ್ನು.

"ಸರಿಯಾದದ್ದು ಸಿಕ್ಕಿದಾಗ ಮುಖವೇ ಹೇಳ್ತದೆ ಟೀಚರೇ."

ನನ್ನ ಮುಖ ಏಳನೆಯದಕ್ಕೆ ಹೇಳಿತು. ಯಾರೋ ವಕೀಲರದ್ದಂತೆ. ಅಮ್ಮ ಬೈದು, ಅದರ ಮೇಲೆ ಇಗರ್ಜಿಯ ಪವಿತ್ರ ಜಲ ಚಿಮುಕಿಸಿ ಕೊಟ್ಟಳು. ನಾನು ಹಾಕಿಕೊಂಡೆ.

ಆಮೇಲೆ ಕಡ್ಡಿ ಸಡಿಲವಾಯಿತು, ಗಾಜು ಅಲುಗಿತು ಎಂದು ಹೋಗಿ ಹೋಗಿ ಪರಿಚಯ ಬೆಳೆಯಿತು. ಬಂದರಿನ ಹತ್ತಿರ ಕಂದಕ ಎಂಬಲ್ಲಿದ್ದ ಅವರ ಮನೆಗೂ ಹೋಗಿಬರತೊಡಗಿದೆ. ಮನೆಯಲ್ಲಿ ಅವರು ಮತ್ತು ಹೆಂಡತಿ ಬೀಫಾತಿಮ್ಮ, ಇಬ್ಬರೇ. ಬೀಫಾತಿಮ್ಮ ಟೋಪಿ ಹೊಲಿಯುತ್ತಿದ್ದರು, ಮಾತು ಕಡಿಮೆ, ನಗು ಜಾಸ್ತಿ. ಐವತ್ತೊಂಬತ್ತರ ಸುಮಾರಿಗೆ ಅವರಿಗೆ ತಲೆನೋವು ಶುರುವಾಯಿತು. ಕಣ್ಣು ಮಂಜು ಎಂದರು. ಗಂಡ ಪೆಟ್ಟಿಗೆಯಿಂದ ಒಂದು ಕನ್ನಡಕ ಆರಿಸಿ ಕೊಟ್ಟರು. ಸೂಜಿಗೆ ನೂಲು ಹೋಯಿತು. "ಕಾಣ್ತದೆ" ಎಂದರು ಬೀಫಾತಿಮ್ಮ. ಮೂರು ತಿಂಗಳಾದ ಮೇಲೆ ಮತ್ತೆ ಮಂಜು, ಮತ್ತೊಂದು ಕನ್ನಡಕ. ಮತ್ತೆ "ಕಾಣ್ತದೆ". ಪ್ರತಿ ಸಲವೂ ಬ್ಯಾರಿಗಳು ಮರುದಿನ ರಸ್ತೆಬದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಹಿಗ್ಗುತ್ತಿದ್ದರು.

ಅರವತ್ತೊಂದರ ಪೆರ್ನಾಲ್ ಹಬ್ಬಕ್ಕೆ ನನ್ನನ್ನು ಊಟಕ್ಕೆ ಕರೆದರು. ಬೀಫಾತಿಮ್ಮ ಬಡಿಸಲು ಬಂದರು. ಸಾರನ್ನು ನನ್ನ ತಟ್ಟೆಯ ಪಕ್ಕಕ್ಕೆ, ಚಾಪೆಯ ಮೇಲೆ ಹೊಯ್ದರು. ಹೊಯ್ಯುತ್ತಲೇ ಇದ್ದರು.

"ನಂಬರ್ ಬದಲಾಗಿದೆ, ಬೇರೆ ನೋಡ್ತೇನೆ" ಎಂದು ಬ್ಯಾರಿಗಳು ನಕ್ಕರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಎಂತ ಬ್ಯಾರಿಗಳೇ, ಇದು ಕನ್ನಡಕದ ವಿಷಯ ಅಲ್ಲ. ನಾಳೆಯೇ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದೆ.

"ಟೀಚರೇ, ಊರಿಗೆಲ್ಲ ಕನ್ನಡಕ ಹುಡುಕಿಕೊಟ್ಟವ ನಾನು. ಮನೆಯವಳಿಗೆ ಒಂದು ಸಿಗದೆ ಹೋಗ್ತದಾ?"

"ನಿಮ್ಮ ಹಠದಿಂದ ಅವರ ಕಣ್ಣು ಹೋಗ್ತದೆ, ನೋಡ್ತಾ ಇರಿ!"

ಹಬ್ಬದ ದಿನ, ಅವರ ಮನೆಯ ಅನ್ನದ ಮುಂದೆ ಕೂತು ಆಡುವ ಮಾತೇ ಅದು? ಆಡಿದೆ. ಅರ್ಧ ಊಟಕ್ಕೆ ಎದ್ದು ಬಂದೆ. ಒಂದು ವರ್ಷ ಆ ರಸ್ತೆಗೆ ಕಾಲಿಡಲಿಲ್ಲ. ಆ ಹೆಂಗಸಿನ ಕೈ ಹಿಡಿದು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದಿತ್ತು. ನನಗೆ ನನ್ನ ಸಿಟ್ಟು ದೊಡ್ಡದಾಯಿತು. ಇವತ್ತಿಗೂ ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಮರುವರ್ಷ ಒಂದು ಮಧ್ಯಾಹ್ನ ಬ್ಯಾರಿಗಳು ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. "ಟೀಚರೇ, ಇವಳಿಗೆ ಬಾಗಿಲು ಕಾಣುವುದಿಲ್ಲ" ಎಂದರು. ಅಷ್ಟೇ. ನಾನು ರಜೆ ಹಾಕಿ ಅವರ ಜೊತೆ ಮನೆಗೆ ಹೋಗಿ, ಬೀಫಾತಿಮ್ಮನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ತುಂಬ ಹೊತ್ತು ಬೆಳಕು ಬಿಟ್ಟು ನೋಡಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸತ್ತಿದೆ, ಮೂರು ವರ್ಷದ ಹಿಂದೆ ತಂದಿದ್ದರೆ ತಡೆಯಬಹುದಿತ್ತು, ಹೋದದ್ದು ಇನ್ನು ಬರುವುದಿಲ್ಲ ಎಂದರು. ಬ್ಯಾರಿಗಳು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು. ಆಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು.

"ಡಾಕ್ಟ್ರೇ, ಇದನ್ನೊಂದು ಹಾಕಿ ನೋಡುವನಾ? ನಿನ್ನೆ ಸಿಕ್ಕಿದ್ದು. ಗಾಜು ಒಳ್ಳೆ ದಪ್ಪ ಉಂಟು."

ನಾನೇ ಆ ಗಂಟನ್ನು ಮತ್ತೆ ಕಟ್ಟಿ ಬ್ಯಾರಿಗಳ ಜೇಬಿಗೆ ಹಾಕಿದೆ.

ಅಂದಿನಿಂದ ಬ್ಯಾರಿಗಳ ವ್ಯಾಪಾರ ಕೆಟ್ಟಿತು. ಯಾರಾದರೂ ತಲೆನೋವು ಎಂದರೆ ಸಾಕು, "ನನ್ನಲ್ಲಿ ಬೇಡ ಮಾರಾಯ್ರೆ, ಮೊದಲು ಆಸ್ಪತ್ರೆಗೆ ಹೋಗಿ" ಎಂದು ಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು. "ಇವಳು ಯಾಕೆ ಕಾಣ್ತದೆ ಕಾಣ್ತದೆ ಅಂದಳು? ನಾನು ಮುಖ ನೋಡಿದ್ದೆ ಟೀಚರೇ, ಮುಖ ಸರಿ ಇತ್ತು" ಎಂದು ನನ್ನನ್ನು ಎಷ್ಟು ಸಲ ಕೇಳಿದರೋ. ಹೆಂಡತಿಯನ್ನು ಕೇಳಲು ಮಾತ್ರ ಅವರಿಗೆ ಧೈರ್ಯವಿರಲಿಲ್ಲ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಒಂದು ಸಂಜೆ ಅವರ ಮನೆಗೆ ಹೋದೆ. ಬ್ಯಾರಿಗಳು ನನಗಾಗಿ ಸೋಡಾ ತರಲು ಅಂಗಡಿಗೆ ಹೋದರು. ಬೀಫಾತಿಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು.

"ಇವರು ಹೋದ್ರಾ?"

"ಹೋದರು."

"ಸೂಜಿಗೆ ನೂಲು ಹಾಕಲಿಕ್ಕೆ ನನಗೆ ಕಣ್ಣು ಬೇಡ ಟೀಚರೇ. ಚಿಕ್ಕಂದಿನಿಂದ ಹೊಲಿದ ಕೈ. ಮೊದಲಿನ ಎರಡು ಕನ್ನಡಕ ಆದ ಮೇಲೆ ಯಾವುದರಲ್ಲೂ ನನಗೆ ಏನೂ ಆಗಲಿಲ್ಲ. ಆದರೆ ಕಾಣುವುದಿಲ್ಲ ಅಂದ್ರೆ ಇವರು ನೋವಿನ ಕಾಲು ಎಳೆದುಕೊಂಡು ನಂತೂರು, ವಾಮಂಜೂರು ಅಂತ ಮನೆಮನೆ ಹುಡುಕ್ಲಿಕ್ಕೆ ಹೋಗ್ತಿದ್ರು. ಕಾಣ್ತದೆ ಅಂದ ದಿನ ನೆಮ್ಮದಿಯಲ್ಲಿ ಉಣ್ತಿದ್ರು. ನಾನು ಬೇಕಂತಲೇ ನಗ್ತಿದ್ದೆ. ಕಣ್ಣು ಪೂರ್ತಿ ಹೋಗ್ತದೆ ಅಂತ ನನಗೆಂತ ಗೊತ್ತು? ಇವರಿಗೆ ಹೇಳ್ಬೇಡಿ. ಗೊತ್ತಾದ್ರೆ ತಡ್ಕೊಳ್ಳುವುದಿಲ್ಲ."

ಬ್ಯಾರಿಗಳು ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು, ಎರಡು ಕೈಯಲ್ಲೂ ಸೋಡಾ ಬಾಟಲಿ. ಬೀಫಾತಿಮ್ಮ ಅವರ ಕಡೆಗೇ ಮುಖಮಾಡಿ ಕೂತಿದ್ದರು.

ಬ್ಯಾರಿಗಳು ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದರು. ಸದ್ದಿಲ್ಲದೆ ಹಿಂದೆ ಸರಿದು ಅಂಗಳಕ್ಕೆ ಇಳಿದರು. ಅಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತದ್ದು ಕಿಟಕಿಯಿಂದ ನನಗೆ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಚಪ್ಪಲಿ ಎಳೆಯುತ್ತ, ಜೋರಾಗಿ ಕೆಮ್ಮುತ್ತ ಬಂದರು.

"ಹತ್ತಿರದ ಅಂಗಡಿ ಮುಚ್ಚಿತ್ತು ಟೀಚರೇ. ಅದಕ್ಕೇ ತಡ ಆಯ್ತು."

"ಇಷ್ಟು ಹೊತ್ತಾ? ಟೀಚರ್ ಈಗ ಹೊರಡುವವರಿದ್ರು" ಎಂದು ಬೀಫಾತಿಮ್ಮ ನಗುತ್ತ ಗದರಿದರು.

ಮೊದಲ ಸೋಡಾ ಅತಿಥಿಗೆ ಕೊಡುವುದು ಅವರ ಮನೆಯ ಕ್ರಮ. ಅಂದು ಬ್ಯಾರಿಗಳು ಅದನ್ನು ಹೆಂಡತಿಯ ಕೈಗೆ ಕೊಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಬಾಟಲಿಯ ಸುತ್ತ ಮಡಚಿದರು.