ಜೋಡಿ ವೈರಿನ ಪರೀಕ್ಷೆ

“ಈಗ ಹೇಳ್ರಿ, ಯಾವ ಕಡೆ ದನಿ ಚಂದ ಐತಿ?” ಎಂದು ನಾನು ಕೇಳಿದಾಗ ಬಸಣ್ಣ ಬರೀ ತಲೆಯಾಡಿಸಿದರು. ಹಾನಗಲ್ಲಿನ ನಮ್ಮ ಓಣಿಯವರೇ ಆದ ಈ ಭತ್ತದ ವ್ಯಾಪಾರಿ ಪ್ರತಿ ಭಾನುವಾರ ಸಂಜೆ ಹಾಡು ಕೇಳಲು ನಮ್ಮ ಮನೆಗೆ ಬರುತ್ತಾರೆ. ಒಂದೊಂದು ಸ್ಪೀಕರಿಗೂ ಒಂದರ ಬದಲು ಎರಡು, ಅಂದರೆ ಜೋಡಿ ವೈರ್ ಹಾಕಿದರೆ ದನಿ ತಿಳಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಅಂದು ಎಡಗಡೆಯ ಸ್ಪೀಕರಿಗೆ ಮಾತ್ರ ಹಾಗೆ ಹಾಕಿ, ಬಲಗಡೆಯದನ್ನು ಒಂಟಿ ವೈರಿನಲ್ಲೇ ಬಿಟ್ಟಿದ್ದೆ. ನನಗಂತೂ ವ್ಯತ್ಯಾಸ ತಿಳಿಯಲಿಲ್ಲ. ಅವರ ಕಿವಿ ನನ್ನದಕ್ಕಿಂತ ಚುರುಕು ಎಂದು ನಂಬಿದ್ದೆ.

ಮತ್ತೆ ಒತ್ತಾಯಿಸಿದಾಗ ಅವರು ಮೆಲ್ಲಗೆ ಹೇಳಿದರು: “ಸಣ್ಣಾಂವ ಇದ್ದಾಗಿಂದ ನನಗ ಎಡಗಿವಿ ಕೇಳಂಗಿಲ್ಲರಿ. ಎರಡೂ ಒಂದಾ ಕಡಿಂದ ಬಂದಂಗ ಕೇಳ್ತಾವು. ಮನ್ಯಾಗೂ ಯಾರಿಗೂ ಹೇಳಿಲ್ಲ.”

ನಾನು ಹಾಡು ನಿಲ್ಲಿಸಲು ಎದ್ದೆ. “ಇರ್ಲಿ ಬಿಡ್ರಿ. ನಾ ಬರೋದು ನಿಮ್ಮ ಕೂಡ ಕುಂದ್ರಾಕ” ಎಂದು ಅವರು ನಕ್ಕರು.

ಈಗ ನಾನು ಹಿಂದಿನಂತೆ ಅವರ ಎಡಕ್ಕಲ್ಲ, ಬಲಕ್ಕೆ ಕೂರುತ್ತೇನೆ. ಇಷ್ಟು ದಿನ ನನ್ನ ಎಷ್ಟೋ ಮಾತಿಗೆ ಅವರು ಬರೀ ತಲೆಯಾಡಿಸುತ್ತಿದ್ದುದು ಏಕೆಂದು ತಿಳಿದಿದೆ. ಹಾಡನ್ನು ಸಣ್ಣಗೆ ಇಟ್ಟು, ಆ ಮಾತುಗಳನ್ನೆಲ್ಲ ಮೊದಲಿನಿಂದ ಹೇಳುತ್ತಿದ್ದೇನೆ.