ರಾಕೆಟ್ಟಿನ ಕೆಳಗಿನ ನಿಂಬೆಹಣ್ಣು

ಹುಣಸೆಹಣ್ಣು ನೆನೆಸಿಕೊಂಡು ದೇವರ ಮನೆಯ ದೊಡ್ಡ ದೀಪದ ಕಂಬ ಉಜ್ಜುತ್ತಾ ಕೂತಿದ್ದೆ. ಕೈತುಂಬ ಹುಣಸೆ ರಸ. ಫೋನು ಹೊಡೆದುಕೊಳ್ಳುವುದಕ್ಕೆ ಅದೇ ಹೊತ್ತು ಬೇಕು. ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಭದ್ರಾವತಿಯಿಂದ ನನ್ನ ನಾದಿನಿ ಶಾರದಾ.

"ಅತ್ತಿಗೆ, ಶುಕ್ರವಾರದ ಪೂಜೆಗೆ ಇವರು ಬರಲ್ಲ ಅಂತಿದ್ದಾರೆ. ಇವರನ್ನ ಬಿಟ್ಟು ನಾನೊಬ್ಬಳೇ ಹೇಗೆ ಬರಲಿ?"

"ಯಾಕೆ ಮಾರಾಯ್ತಿ, ವಾಸಣ್ಣಂಗೆ ಹುಷಾರಿಲ್ವಾ?"

"ಹುಷಾರಾಗೇ ಇದ್ದಾರೆ. ಅದೇ ಆ ಹಾಳು ಸಿನಿಮಾ."

ಜನ ಆಸ್ತಿಗೆ ಜಗಳ ಆಡುವುದು ಕೇಳಿದ್ದೇನೆ, ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲ ಅಂತ ಜಗಳ ಆಡುವುದೂ ಕೇಳಿದ್ದೇನೆ. ರಾಕೆಟ್ಟಿನ ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಅಂತ ಸತ್ಯನಾರಾಯಣ ಪೂಜೆ ತಪ್ಪಿಸುವವರನ್ನು ನಮ್ಮ ವಂಶದಲ್ಲೇ ನೋಡಬೇಕಾಯಿತು. ನಮ್ಮ ಅತ್ತೆಯವರ ಕಾಲದಿಂದ ಒಂದು ಪದ್ಧತಿ ಇದೆ. ಪೂಜೆ ಮುಗಿದ ಮೇಲೆ ಮೊದಲ ಎರಡು ಎಲೆ ಮನೆಮಗಳಿಗೆ ಮತ್ತು ಅಳಿಯನಿಗೆ. ಅವರು ಕೂತ ಮೇಲೇ ಉಳಿದವರಿಗೆ ಬಡಿಸುವುದು. ವಾಸಣ್ಣ ಕಾರ್ಖಾನೆಯಲ್ಲಿದ್ದಾಗ ರಾತ್ರಿ ಪಾಳಿ ಮುಗಿಸಿ, ಕೆಂಪು ಕಣ್ಣಲ್ಲೇ ಬಂದು ಆ ಎಲೆಗೆ ಕೂತದ್ದುಂಟು. ಅತ್ತೆಯವರು ಹೋಗುವಾಗ ಬೇರೇನೂ ಹೇಳಲಿಲ್ಲ, "ಆ ಎರಡು ಎಲೆ ಖಾಲಿ ಬಿಡಬೇಡ" ಅಂದಿದ್ದರು. ಈಗ ಖಾಲಿ ಬಿಡುವ ಕಾಲ ಬಂತು, ಅದೂ ನನ್ನಿಂದಲೇ.

ಹೌದು, ಸಿನಿಮಾಕ್ಕೆ ಕರೆದುಕೊಂಡು ಹೋದವಳು ನಾನೇ. ದುರ್ಗಿಗುಡಿಯ ನಮ್ಮ ಮನೆ ತಿರುವಿನಲ್ಲಿ ಪೋಸ್ಟರು ಅಂಟಿಸಿದ್ದರು. ಉದ್ದ ಬಿಳಿ ಗಡ್ಡದ ಒಬ್ಬರು ಮೋಡದ ಮಧ್ಯೆ ಏನನ್ನೋ ಏರಿ ಕೂತಿದ್ದರು, ತಲೆಯ ಹಿಂದೆ ಪ್ರಭೆ. ಪುಣ್ಯ ಮಾಡಿದ್ದೆ, ಎಷ್ಟೋ ವರ್ಷದ ಮೇಲೆ ಒಂದು ಪೌರಾಣಿಕ ಚಿತ್ರ ಬಂತು ಅಂದುಕೊಂಡು ನಾಲ್ಕು ಟಿಕೆಟ್ ಹೇಳಿಸಿ, ಭದ್ರಾವತಿಯವರನ್ನೂ ಕರೆಸಿದೆ. ಶನಿವಾರ, ಉಪವಾಸ ಬೇರೆ. ರೇಷ್ಮೆ ಸೀರೆ ಉಟ್ಟು ಕೂತವಳು, ಪರದೆ ಮೇಲೆ ಮೊದಲು ಬೆಳಕು ಬಂದಾಗ ಕೈ ಮುಗಿದೆ. ಅದು ರಾಕೆಟ್ಟಿನ ಹೆಡ್‌ಲೈಟು. ಗಡ್ಡದವರು ಋಷಿಯಲ್ಲ, ವಿಜ್ಞಾನಿ. ಊರಿಗೆ ನೀರಿನ ಟ್ಯಾಂಕರ್ ಬರುತ್ತಿಲ್ಲವೆಂದು ಮಂಗಳ ಗ್ರಹದಿಂದ ನೀರು ತರಲು ಹೊರಟವರು. ಹಳೇ ಕುಕ್ಕರುಗಳನ್ನು ಬೆಸೆದು ರಾಕೆಟ್ ಮಾಡಿದ್ದರು.

ಅದರಲ್ಲಿ ಒಂದು ದೃಶ್ಯ. ಹೊಸ ವಾಹನ ಅಂದಮೇಲೆ ಪೂಜೆ ಆಗಬೇಕಲ್ಲ, ಪುರೋಹಿತರು ಬರುತ್ತಾರೆ. ಅರಿಶಿನ, ಕುಂಕುಮ, ಹೂವು ಎಲ್ಲ ಆಯಿತು. ಕೊನೆಗೆ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ರಾಕೆಟ್ಟಿನ ಸುತ್ತ ಮೂರು ಸುತ್ತು ಬರುತ್ತಾರೆ, ಚಕ್ರ ಹುಡುಕುತ್ತಾ. ಚಕ್ರ ಇಲ್ಲ! ಅರ್ಧ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಇನ್ನರ್ಧ, ಕೊಟ್ಟ ದುಡ್ಡಿಗೆ ಏನು ತೋರಿಸ್ತಿದ್ದಾರೆ ಅಂತ ಗಂಟುಮುಖ ಹಾಕಿತು. ಎರಡು ಪಂಗಡದ ಗಡಿ ಸರಿಯಾಗಿ ನನ್ನ ಸೀಟಿನ ಮೇಲೇ ಹಾದುಹೋಗಿತ್ತು. ಎಡಗಡೆ ವಾಸಣ್ಣ ಕಣ್ಣೊರೆಸಿಕೊಂಡು ನಗುತ್ತಿದ್ದರು. ಬಲಗಡೆ ನಮ್ಮ ಯಜಮಾನರು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು, "ಗಾಳಿಯೇ ಇಲ್ಲದ ಕಡೆ ಶಬ್ದ ಹೇಗೆ ಬರುತ್ತೆ?" ಅಂತ ಪರದೆಯನ್ನೇ ಪ್ರಶ್ನೆ ಕೇಳುತ್ತಿದ್ದರು. ಪುರಾಣದಲ್ಲಿ ಎಷ್ಟು ವಿಮಾನ ಹಾರಿಲ್ಲ, ಅವಕ್ಕೆ ಎಣ್ಣೆ ಯಾರು ಹಾಕಿದರು ಅಂತ ಯಾರಾದರೂ ಕೇಳಿದ್ದಾರೆಯೇ? ನವರಸದಲ್ಲಿ ಹಾಸ್ಯವೂ ಒಂದು, ರೌದ್ರವೂ ಒಂದು. ನಮ್ಮವರಿಗೆ ಒಂದರಿಂದ ಇನ್ನೊಂದಕ್ಕೆ ಹೋಗಲು ಇಂಟರ್ವಲ್ಲೂ ಬೇಡ.

ಹೊರಗೆ ಬಂದ ಮೇಲೆ ನಾನು ಮಾಡಿದ ತಪ್ಪು, ಸಂಸಾರಸ್ಥ ಹೆಂಗಸರೆಲ್ಲ ಮಾಡುವಂಥದ್ದು. ವಾಸಣ್ಣ "ಚೆನ್ನಾಗಿತ್ತು ಅಲ್ವಾ ತಂಗಿ?" ಅಂದರು, ಹೌದು ಅಂದೆ. ಮನೆಗೆ ಬಂದ ಮೇಲೆ ಇವರು "ಶುದ್ಧ ದರಿದ್ರ ಸಿನಿಮಾ, ಅಲ್ವೇನೇ?" ಅಂದರು, ಹೌದು ರೀ ಅಂದೆ. ಮರುದಿನ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಇಬ್ಬರೂ ನನ್ನನ್ನೇ ಸಾಕ್ಷಿ ಹಾಕಿಕೊಂಡು ವಾದಕ್ಕಿಳಿದರು. ನಾನು ಓದಿ, ಉತ್ತರ ಬರೆಯದೆ, ಅಕ್ಕಿ ಆರಿಸಲು ಹೋದೆ. ಆಮೇಲೆ ಇವರು ಬರೆದ ಸಾಲು ಹೀಗಿತ್ತು: "ಜೀವಮಾನವಿಡೀ ಸ್ಕ್ರೂ ತಿರುಗಿಸಿದವರಿಗೆ ವಿಜ್ಞಾನ ಅರ್ಥವಾಗಬೇಕು ಅಂದ್ರೆ ಹೇಗೆ?" ಅಲ್ಲಿಗೆ ವಾಸಣ್ಣ ಗುಂಪು ಬಿಟ್ಟು ಹೋದರು. ಜಗಳ ಸಿನಿಮಾದ್ದಲ್ಲ ಅಂತ ಅವತ್ತೇ ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಶಾರದಾ ಫೋನಿಟ್ಟ ಮೇಲೆ ಸಿಟ್ಟನ್ನೆಲ್ಲ ದೀಪದ ಮೇಲೆ ತೀರಿಸಿಕೊಂಡೆ. ಮೂರು ಭಾಗದ ಕಂಬ ಅದು, ತಿರುಗಿಸಿ ಬಿಚ್ಚಿ ಒಳಗಿನ ಎಣ್ಣೆ ಜಿಡ್ಡು ತೆಗೆಯಬೇಕು. ನಡುವಿನ ತಿರುಪು ಜಪ್ಪಯ್ಯ ಅನ್ನಲಿಲ್ಲ. ಇವರನ್ನು ಕರೆದೆ. ಟವೆಲ್ಲಿನಲ್ಲಿ ಹಿಡಿದು ತಿರುಗಿಸಿದರು, ಬಿಸಿನೀರು ಸುರಿದರು, ಕಾಲಲ್ಲಿ ಅದುಮಿ ಹಿಡಿದರು. ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ ಅಂತ ವಿವರಿಸಿದರು. ವಿವರಣೆ ಸರಿಯಾಗೇ ಇತ್ತು. ದೀಪ ಬಿಚ್ಚಲಿಲ್ಲ.

"ರೀ, ಅತ್ತೆಯವರ ಕಾಲದಲ್ಲಿ ಇದರ ತಿರುಪು ಸವೆದು ಹೋದಾಗ ಲೇತಿನಲ್ಲಿ ಹೊಸದು ಕಡೆದು ಕೂಡಿಸಿದ್ದು ಯಾರು, ನೆನಪಿದ್ಯಾ? ಸ್ಕ್ರೂ ತಿರುಗಿಸಿದವರ ಹತ್ರಾನೇ ಹೋಗಬೇಕು."

ಇವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ನಾನು ಕುಂಕುಮದ ಭರಣಿ ಹಿಡಿದುಕೊಂಡೆ. ದೀಪವನ್ನು ಹಳೇ ಪಂಚೆಯಲ್ಲಿ ಸುತ್ತಿ ಇವರು ತೊಡೆ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಬಸ್ಸಿನಲ್ಲಿ ಕೂತರು.

"ಏನ್ ಸಾರ್ ಅದು, ರಾಕೆಟ್ಟಾ?" ಅಂದ ಕಂಡಕ್ಟರು. ಭದ್ರಾವತಿ ಬರುವ ತನಕ ಇವರು ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ.

ವಾಸಣ್ಣ ಪೇಪರಿನ ಹಿಂದೆ ಕೂತಿದ್ದರು, ಇಳಿಸಲಿಲ್ಲ. ಇವರು ದೀಪವನ್ನು ಅವರ ಕಾಲ ಬಳಿ ಇಟ್ಟರು.

"ಭಾವ, ಇದು ಬಿಚ್ಚಕ್ಕೆ ಬರ್ತಿಲ್ಲ."

ಪೇಪರಿನ ಹಿಂದಿನಿಂದ ಉತ್ತರ ಬಂತು: "ಯಾಕೆ ಮೇಷ್ಟ್ರೇ, ಗುರುತ್ವಾಕರ್ಷಣೆ ಬಿಡ್ತಿಲ್ವಾ?"

ಶಾರದಾ ನನ್ನ ಮೇಲೆ ತಿರುಗಿದಳು. "ಎಲ್ಲ ನಿಮ್ಮಿಂದ ಅತ್ತಿಗೆ. ಇವರಿಗೆ ಚೆನ್ನಾಗಿತ್ತು ಅಂದ್ರಿ, ಅಣ್ಣಂಗೆ ಚೆನ್ನಾಗಿಲ್ಲ ಅಂದ್ರಿ. ನಿಜವಾಗಿ ಹೇಗಿತ್ತು ಹೇಳಿ."

ದೇವರ ದೀಪ ಎದುರಿಗಿತ್ತು, ಸುಳ್ಳು ಹೇಳುವ ಹಾಗಿರಲಿಲ್ಲ. "ನಿಂಬೆಹಣ್ಣಿನ ತನಕ ನಕ್ಕೆ. ಇಂಟರ್ವಲ್ ಆದ್ಮೇಲೆ ನಿದ್ದೆ ಮಾಡಿದೆ. ಉಪವಾಸ ಇತ್ತಲ್ಲ."

ಪೇಪರು ಅಲುಗಾಡಿತು. ಆಮೇಲೆ ಕೆಳಗಿಳಿಯಿತು. ವಾಸಣ್ಣ ದೀಪವನ್ನು ಕೈಗೆತ್ತಿಕೊಂಡು ತಿರುಪಿನ ಜಾಗವನ್ನು ಉಗುರಿನಲ್ಲಿ ಕೆರೆದು ನೋಡಿದರು. "ಕಿಲುಬು ಹಿಡಿದಿದೆ ಅಷ್ಟೇ. ಶಾರದಾ, ಒಂದು ನಿಂಬೆಹಣ್ಣು ತಗೊಂಡ್ ಬಾ."

ಶಾರದಾ ತಂದು ಕೊಟ್ಟಳು. ಆಗ ನಮ್ಮ ಯಜಮಾನರು ಅಂದರು, "ಚಕ್ರ ಇಲ್ವಲ್ಲ ಭಾವ, ಎಲ್ಲಿಡ್ತೀರಿ?"

ಮೊದಲು ನಕ್ಕವರೂ ಅವರೇ. ಥಿಯೇಟರಿನಲ್ಲಿ ಬಾರದ ನಗು, ಎಂಟು ದಿನ ತಡವಾಗಿ ಬಂತು. ವಾಸಣ್ಣ ನಿಂಬೆ ಹಿಂಡಿ, ಉಪ್ಪು ಉದುರಿಸಿ, ಕಾದು, ಮರದ ತುಂಡಿನಿಂದ ಮೆಲ್ಲಗೆ ಎರಡೇಟು ಕೊಟ್ಟು ತಿರುಗಿಸಿದರು. ಬಿಚ್ಚಿಕೊಂಡಿತು. ಇವರು ದೀಪವನ್ನೇ ನೋಡುತ್ತಾ, "ನಾನು ಹಾಗೆ ಬರೀಬಾರದಿತ್ತು" ಅಂದರು. ವಾಸಣ್ಣ ಬಿಚ್ಚಿದ ಭಾಗಗಳನ್ನು ಪಂಚೆಯ ಮೇಲೆ ಸಾಲಾಗಿ ಇಟ್ಟರು. ಕೈ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು, "ಶುಕ್ರವಾರ ಎಷ್ಟು ಹೊತ್ತಿಗೆ ಎಲೆ ಹಾಕ್ತೀಯ ತಂಗಿ?"

ನಾನು ಶಾರದಾಳ ಹಣೆಗೆ ಕುಂಕುಮ ಇಟ್ಟೆ. ಅತ್ತೆಯವರ ಎರಡು ಎಲೆ ಉಳಿದವು. ಅಷ್ಟು ಕೊಟ್ಟನಲ್ಲ ದೇವರು, ಸಾಕು.

ವಾಪಸು ಬರುವ ಬಸ್ಸಿನಲ್ಲಿ ಇವರು ಸುಮ್ಮನಿರಬೇಕೋ ಬೇಡವೋ? "ಏನೇ ಹೇಳು, ಅಲ್ಲಿ ಮೇಲೆ ಶಬ್ದ ಬರಲ್ಲ" ಅಂದರು. ಹೌದು ರೀ ಅನ್ನಲು ಬಾಯಿ ತೆರೆದವಳು ತಡೆದುಕೊಂಡೆ. "ಬರಲ್ಲ ರೀ. ಆದ್ರೆ ನಂಗೆ ನಗು ಬಂತು" ಅಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಹಾಗೆ ತಿರುಗಿ ನೋಡಿದ್ದು ಅದೇ ಮೊದಲು.

ಮನೆಗೆ ಬಂದರೆ ಹುಣಸೆಹಣ್ಣು ಬಟ್ಟಲಿನಲ್ಲಿ ಒಣಗಿ ಕೂತಿತ್ತು. ಸ್ವಲ್ಪ ನೀರು ಹಾಕಿ ಕಿವುಚಿ, ದೀಪದ ಒಳಗಿನ ಜಿಡ್ಡು ಉಜ್ಜಲು ಕೂತೆ.